ಗಿಡ ಇರುವ ಜಾಗದಲ್ಲಿ ಅತ್ತೆಯ ಕುರ್ಚಿ ಇತ್ತು

ಓದುಗರ ಪತ್ರ:

ಸಂಪಾದಕರೇ, ನಮ್ಮ ಮನೆ ಕಟ್ಟಿ 22 ವರ್ಷ ಆಯಿತು. ಅಡುಗೆಮನೆ, ಬಚ್ಚಲುಮನೆ, ಹಾಲ್ ಮೂರನ್ನೂ ಹೊಸದು ಮಾಡಿಸೋಣ ಅಂತ ಒಂದು ಇಂಟೀರಿಯರ್ ಡಿಸೈನ್ ಕಂಪನಿಗೆ ಹೋದೆವು. ಅವರು ಬಂದು ಒಂದು ಗಂಟೆ ಮನೆ ನೋಡಿದರು, ಅಳತೆ ತೆಗೆದುಕೊಂಡರು. ಹತ್ತು ದಿನಕ್ಕೆ ತ್ರೀಡಿ ಚಿತ್ರಗಳು ಬಂದವು. ತುಂಬಾ ಚೆನ್ನಾಗಿವೆ. ಯಜಮಾನರಿಗೂ ಮಕ್ಕಳಿಗೂ ಖುಷಿಯೋ ಖುಷಿ. ಶುಕ್ರವಾರದೊಳಗೆ ಸಹಿ ಹಾಕಿ ಅರ್ಧ ಹಣ ಕೊಟ್ಟರೆ ರಿಯಾಯಿತಿ ಅಂತ ಹೇಳಿದ್ದಾರೆ. ನನಗೆ ಮಾತ್ರ ಏನೋ ಸರಿ ಇಲ್ಲ ಅನ್ನಿಸುತ್ತಿದೆ. ಏನು ಅಂತ ಹೇಳಲು ಬರುತ್ತಿಲ್ಲ. ಅತ್ತೆ ಕಿಟಕಿ ಪಕ್ಕ ಕೂತು ಹೊಲಿಯುವ ಜಾಗದಲ್ಲಿ ಚಿತ್ರದಲ್ಲಿ ಒಂದು ದೊಡ್ಡ ಗಿಡದ ಕುಂಡ ಇದೆ, ಅಷ್ಟೇ. ಸಹಿ ಹಾಕಲೇ?

ಸಂಪಾದಕರ ಉತ್ತರ:

ಪ್ರೀತಿಯ ಓದುಗರೇ,

ಏನು ಅಂತ ಹೇಳಲು ಬರುತ್ತಿಲ್ಲ ಅಂತ ಬರೆದಿದ್ದೀರಿ. ಆದರೆ ಮುಂದಿನ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ. ಕುರ್ಚಿ ಇದ್ದ ಕಡೆ ಗಿಡ ಬಂದಿದೆ. ಅಲ್ಲಿ ಯಾರು ಕೂರುತ್ತಾರೆ ಅಂತ ಅವರು ಕೇಳಲಿಲ್ಲ, ನೀವು ಹೇಳಲಿಲ್ಲ. ನಿಮ್ಮ ಮನೆಯ ಅಳತೆ ಅವರ ಹತ್ತಿರ ಇದೆ, ನಿಮ್ಮ ದಿನ ಇಲ್ಲ. ನಿಮಗೆ ಸರಿ ಇಲ್ಲ ಅನ್ನಿಸಿದ್ದು ಅದಕ್ಕೇ.

ಇದರಲ್ಲಿ ಅವರದು ಮೋಸ ಅಂತ ನಾನು ಹೇಳುತ್ತಿಲ್ಲ. ಒಂದು ಗಂಟೆಯಲ್ಲಿ ಯಾರಿಗೂ ಒಂದು ಸಂಸಾರ ಅರ್ಥವಾಗುವುದಿಲ್ಲ. ಒಳ್ಳೆಯ ಡಿಸೈನರ್ ಕೈಯಲ್ಲಿ ಮನೆ ನಿಜವಾಗಿಯೂ ಬದಲಾಗುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರಿಗೆ ಕೆಲಸ ಮಾಡಲು ಬೇಕಾದ ಮೊದಲ ಸಾಮಾನು ನಿಮ್ಮ ಹತ್ತಿರ ಇದೆ. ಅದನ್ನು ಕೊಡಿ. ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದೇ ಹೊತ್ತಿಗೆ ಅಡುಗೆಮನೆಯಲ್ಲಿ ಎಷ್ಟು ಜನ ಇರುತ್ತೀರಿ? ಮಕ್ಕಳು ಬಂದ ತಕ್ಷಣ ಬ್ಯಾಗ್ ಎಲ್ಲಿ ಬಿಸಾಡುತ್ತಾರೆ? ಫೋನ್‌ಗಳನ್ನು ಎಲ್ಲಿ ಚಾರ್ಜ್‌ಗೆ ಹಾಕುತ್ತೀರಿ? ಮಳೆಗಾಲದಲ್ಲಿ ಒದ್ದೆ ಬಟ್ಟೆ ಎಲ್ಲಿ? ಯಾವ ಪಾತ್ರೆ ದಿನಾ ಬೇಕು, ಯಾವುದು ವರ್ಷಕ್ಕೊಮ್ಮೆ? ಬರೆಯುತ್ತಾ ಹೋದರೆ ನಿಮಗೇ ಆಶ್ಚರ್ಯ ಆಗುತ್ತದೆ. ನಾವು ದಿನಾ ಮಾಡುವುದನ್ನು ನಾವೇ ಗಮನಿಸಿರುವುದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಒಂದು ಅಡುಗೆಮನೆ ರೂಪಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್‌ಗೆ ಅದೇ ತಾಯಿಬೇರು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೇ ಜಾಗ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ನೋಡಿ ಒಂದೊಂದು ಡ್ರಾಯರ್‌ಗೂ ಜಾಗ ಗೊತ್ತುಮಾಡಿದರು. ಅಂಥ ಸುಮಾರು 10,000 ಅಡುಗೆಮನೆಗಳು ಆ ಊರಿನ ಹೊಸ ಮನೆಗಳಲ್ಲಿ ಬಂದವು. ಎಷ್ಟೋ ಜನರ ಕಾಲುನೋವು ಅದರಿಂದ ಕಡಿಮೆ ಆಗಿರಬೇಕು. ಆದರೆ ಅದು ಒಬ್ಬರೇ ನಿಂತು ಕೆಲಸ ಮಾಡುವ ಅಡುಗೆಮನೆ. ಇಬ್ಬರು ನಿಂತರೆ ಇಕ್ಕಟ್ಟು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಜಾಗ ಇಲ್ಲ. ಅಷ್ಟು ಅಳೆದು ಮಾಡಿದ್ದೇ ಎಲ್ಲರಿಗೂ ಒಗ್ಗಲಿಲ್ಲ ಅಂದಮೇಲೆ, ನಿಮ್ಮ ಮನೆಯಲ್ಲಿ ಯಾರು, ಎಷ್ಟು ಜನ, ಹೇಗೆ ಅಡುಗೆ ಮಾಡುತ್ತೀರಿ ಅಂತ ನೀವು ಹೇಳದೆ ಇನ್ಯಾರು ಹೇಳಬೇಕು?

ಈಗ ಆ ಚಿತ್ರಗಳ ವಿಷಯ. ಅವು ಚೆನ್ನಾಗಿ ಕಾಣುವಂತೆಯೇ ಮಾಡಿದ ಚಿತ್ರಗಳು. ಕೋಣೆ ದೊಡ್ಡದಾಗಿ ಕಾಣುವ ಹಾಗೆ ನೋಟದ ಕೋನವನ್ನು ಅಗಲ ಮಾಡಿರುತ್ತಾರೆ. ನಿಮ್ಮ ಮನೆಗೆ ಯಾವತ್ತೂ ಬಾರದ ದಿಕ್ಕಿನಿಂದ ಬಿಸಿಲು ಬಂದಿರುತ್ತದೆ. ಅದರಲ್ಲಿ ವೈರ್ ಇಲ್ಲ, ಕಸದ ಡಬ್ಬಿ ಇಲ್ಲ, ಒದ್ದೆ ಟವೆಲ್ ಇಲ್ಲ. ಎಷ್ಟೋ ಸಲ ಸ್ವಿಚ್ ಬೋರ್ಡ್ ಕೂಡ ಇರುವುದಿಲ್ಲ. ಖುಷಿ ಪಡಿ, ಆದರೆ ಸಹಿ ಹಾಕಬೇಕಾದ್ದು ಅದಕ್ಕಲ್ಲ. ಅಳತೆ ಬರೆದ ನಕ್ಷೆ ಕೇಳಿ. ಮೇಲಿನಿಂದ ನೋಡಿದ ನಕ್ಷೆ, ಒಂದೊಂದು ಗೋಡೆಯ ಎದುರು ನೋಟ, ವೈರಿಂಗ್ ನಕ್ಷೆ, ನೀರಿನ ಪೈಪ್ ನಕ್ಷೆ, ಎಲ್ಲವೂ ಬೇಕು. ಬಡಗಿ ನಾಳೆ ಕೈಯಲ್ಲಿ ಹಿಡಿದು ಕೆಲಸ ಮಾಡುವುದು ಅದನ್ನೇ.

ನಕ್ಷೆ ಬಂದಮೇಲೆ ಒಂದು ಕೆಲಸ ಮಾಡಿ. ಪೇಂಟಿಂಗ್‌ಗೆ ಬಳಸುವ ಅಂಟು ಟೇಪ್ ತಂದು ನೆಲದ ಮೇಲೆ ಹೊಸ ಸಾಮಾನುಗಳ ಗೆರೆ ಎಳೆಯಿರಿ. ವಾರ್ಡ್‌ರೋಬ್ ಆಳ ಸಾಮಾನ್ಯವಾಗಿ 60 ಸೆಂಟಿಮೀಟರ್. ಅದರ ಬಾಗಿಲು ತೆರೆದಾಗ ಇನ್ನೊಂದು 45–50 ಸೆಂಟಿಮೀಟರ್ ಮುಂದೆ ಬರುತ್ತದೆ. ಅದನ್ನೂ ಎಳೆಯಿರಿ. ಆ ಗೆರೆಗಳನ್ನು ನಿಜವಾದ ಸಾಮಾನು ಅಂತಲೇ ತಿಳಿದು ಎರಡು ದಿನ ಓಡಾಡಿ. ಅಡುಗೆಮನೆಯಲ್ಲಿ ಎದುರುಬದುರು ಎರಡು ಕಟ್ಟೆ ಇದ್ದರೆ ನಡುವೆ ಕಡಿಮೆ ಅಂದರೂ ಒಂದು ಮೀಟರ್ ಬೇಕು, ಇಬ್ಬರು ಓಡಾಡುವುದಾದರೆ 1.2 ಮೀಟರ್ ಇದ್ದರೆ ಒಳ್ಳೆಯದು. ಕಟ್ಟೆಯ ಎತ್ತರ ಸುಮಾರು 85ರಿಂದ 90 ಸೆಂಟಿಮೀಟರ್ ಇಡುತ್ತಾರೆ. ಸುಮ್ನೆ ಒಪ್ಪಬೇಡಿ. ನೆಟ್ಟಗೆ ನಿಂತು ಮೊಣಕೈ ಮಡಚಿ, ಅಲ್ಲಿಂದ 10–15 ಸೆಂಟಿಮೀಟರ್ ಕೆಳಗೆ ಕಟ್ಟೆ ಬರಬೇಕು. ಇದನ್ನು ಜಾಸ್ತಿ ಹೊತ್ತು ಅಡುಗೆ ಮಾಡುವವರ ಮೈಗೆ ಅಳೆಯಬೇಕು.

ಆಮೇಲೆ ಕೊಟೇಷನ್. "ಅಡುಗೆಮನೆ ಮರಗೆಲಸ, ಒಟ್ಟು" ಅಂತ ಒಂದೇ ಸಾಲು ಇದ್ದರೆ ವಾಪಸ್ ಕಳಿಸಿ. ಹೊರಗೆ ಕಾಣುವ ಬಣ್ಣ ಒಂದೇ ಇದ್ದರೂ ಒಳಗಿನ ಹಲಗೆ ಬೇರೆ ಬೇರೆ ಇರುತ್ತದೆ. ಪ್ಲೈವುಡ್ ಅಂದರೆ ಮರದ ತೆಳು ಹಾಳೆಗಳನ್ನು ಒಂದು ಅಡ್ಡ, ಒಂದು ಉದ್ದ ಇಟ್ಟು ಅಂಟಿಸಿದ್ದು. ಹಾಗಾಗಿ ಅದು ಸುಲಭಕ್ಕೆ ಬಾಗುವುದಿಲ್ಲ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಅದು ನೀರಿಗೆ ಎಷ್ಟು ತಡೆಯುತ್ತದೆ ಅನ್ನುವುದು ಬಹುಮಟ್ಟಿಗೆ ಒಳಗಿನ ಅಂಟಿನ ಮೇಲೆ ನಿಂತಿದೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಒಣ ಜಾಗದಲ್ಲಿ ಪರವಾಗಿಲ್ಲ. ಸಿಂಕ್ ಕೆಳಗೆ ಇಟ್ಟರೆ ನೀರು ಕುಡಿದು ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ಯಾವ ಜಾಗಕ್ಕೆ ಯಾವ ಹಲಗೆ, ಎಷ್ಟು ದಪ್ಪ, ಅಂಚಿನ ಪಟ್ಟಿ ಯಾವುದು, ಬಾಗಿಲು ತಿರುಗುವ ಹಿಂಜ್ ಮತ್ತು ಡ್ರಾಯರ್ ಜಾರುವ ಚಾನಲ್ ಯಾವ ಕಂಪನಿಯದು, ಎಷ್ಟು, ಎಲ್ಲ ಬರೆಸಿಕೊಳ್ಳಿ. ದಿನಕ್ಕೆ ಇಪ್ಪತ್ತು ಸಲ ಎಳೆಯುವ ಡ್ರಾಯರ್‌ನಲ್ಲಿ ಮೊದಲು ಕೆಡುವುದು ಚಾನಲ್. ನನ್ನನ್ನು ಕೇಳಿದರೆ ಹೊರಗಿನ ಹೊಳಪಿಗಿಂತ ಅಲ್ಲಿ ಹಣ ಹಾಕಿ. ಇನ್ನೊಂದು, ಇಂಥ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಬರುತ್ತದೆ. ಕಡಿಮೆ ಅನಿಲ ಬಿಡುವ ಹಲಗೆಗೆ ಇ1, ಇ0 ಅಂತ ಗುರುತು ಇರುತ್ತದೆ. ಮಕ್ಕಳ ಕೋಣೆಗೆ ಇದನ್ನು ಕೇಳಿಯೇ ಕೇಳಿ.

ಏನೇನು ಸೇರಿಲ್ಲ ಅನ್ನುವ ಪಟ್ಟಿಯನ್ನೂ ಕೇಳಿ. ಒಡೆದ ಕಸ ಸಾಗಿಸುವುದು, ಹೊಸ ಸ್ವಿಚ್ ಪಾಯಿಂಟ್, ಪೇಂಟ್, ಕೊನೆಗೆ ಮನೆ ತೊಳೆಯುವುದು. ಜಗಳ ಶುರುವಾಗುವುದು ಹೆಚ್ಚಾಗಿ ಇಲ್ಲೇ.

ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ, ನಿಮ್ಮ ಬಚ್ಚಲುಮನೆ ಕೆಲಸ ಇದೆ ಅಂತ. ಕೆಲವು ವರ್ಷಗಳ ಹಿಂದೆ ನಮ್ಮ ಬಚ್ಚಲುಮನೆ ಹೊಸದು ಮಾಡಿಸಿದೆವು. ಕೆಲಸ ತಡವಾಗಿದೆ ಅಂತ ಎಲ್ಲರಿಗೂ ಅವಸರ. ನೀರು ಇಳಿಯದಂತೆ ನೆಲಕ್ಕೆ ಲೇಪನ ಬಳಿದ ಮಾರನೇ ದಿನವೇ ಟೈಲ್ಸ್ ಹಾಕಿದರು. ನಾನೂ ತಡೆಯಲಿಲ್ಲ. ನಾಲ್ಕು ತಿಂಗಳಿಗೆ ಪಕ್ಕದ ಮಲಗುವ ಕೋಣೆಯ ಗೋಡೆ ಒದ್ದೆಯಾಯಿತು. ನಮ್ಮ ತಾಯಿ ಮಲಗುತ್ತಿದ್ದ ಕೋಣೆ ಅದು. ಹೊಸ ಟೈಲ್ಸ್ ಅಷ್ಟೂ ಒಡೆಯಬೇಕಾಯಿತು. ತಪ್ಪು ಆಗಿದ್ದು ಒಂದೇ ಕಡೆ. ಲೇಪನ ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, 24 ಗಂಟೆಯಾದರೂ ಬಿಟ್ಟು ನೋಡಬೇಕಿತ್ತು. 48 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಸೋರಿದರೆ ಆಗಲೇ ಗೊತ್ತಾಗುತ್ತಿತ್ತು. ಆ ಪರೀಕ್ಷೆ ಮಾಡಿಯೇ ಟೈಲ್ಸ್ ಹಾಕಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಆ ದಿನ ನೀವೇ ಹೋಗಿ ನೋಡಿ.

ಗೋಡೆ ಮುಚ್ಚುವ ಮೊದಲು ಪೈಪ್, ವೈರ್ ಎಲ್ಲದರ ಫೋಟೋ ತೆಗೆದಿಡಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆಯಿರಿ. ಮುಂದೆ ಯಾವತ್ತೋ ಒಂದು ಮೊಳೆ ಹೊಡೆಯುವಾಗ ಅದು ಬೇಕಾಗುತ್ತದೆ. ಯಾವುದಾದರೂ ಗೋಡೆ ತೆಗೆಯುವ ಮಾತು ಬಂದರೆ, ಅದು ಭಾರ ಹೊರುವ ಗೋಡೆಯೋ ಅಲ್ಲವೋ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಡಿಸೈನರ್ ಎಷ್ಟೇ ಅನುಭವಿ ಆದರೂ ಅದು ಅವರ ಮಾತಿನ ಮೇಲೆ ನಡೆಯಬಾರದು. ಹಳೆಯ ಮನೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದನ್ನು ಒಣಗಿದ ಹಾಗೇ ಉಜ್ಜಿ ತೆಗೆಯಲು ಬಿಡಬೇಡಿ. ಆ ಧೂಳು ಮಕ್ಕಳಿಗೆ, ಬಸುರಿಯರಿಗೆ ತುಂಬಾ ಕೆಟ್ಟದ್ದು.

ಅರ್ಧ ಹಣ ಮೊದಲೇ ಕೊಡಬೇಡಿ. ಮುಂಗಡ ಕೇಳುವುದು ನ್ಯಾಯ, ಅವರೂ ಸಾಮಾನು ತರಬೇಕು. ಆದರೆ ಉಳಿದ ಕಂತುಗಳು ತಾರೀಖಿನ ಮೇಲೆ ಅಲ್ಲ, ಮುಗಿದ ಕೆಲಸದ ಮೇಲೆ ಇರಲಿ. ಪೈಪ್ ಕೆಲಸ ಮುಗಿದು ಪರೀಕ್ಷೆ ಆದಾಗ ಇಷ್ಟು, ಮರಗೆಲಸ ಬಂದು ಕೂತಾಗ ಇಷ್ಟು, ಹೀಗೆ. ಕೊನೆಯ 5ರಿಂದ 10 ಶೇಕಡಾ ಹಣವನ್ನು ಸಣ್ಣಪುಟ್ಟ ಬಾಕಿ ಕೆಲಸಗಳೆಲ್ಲ ಮುಗಿಯುವ ತನಕ ಇಟ್ಟುಕೊಳ್ಳಿ. ನಿಮ್ಮ ಒಟ್ಟು ಲೆಕ್ಕದ ಮೇಲೆ 10–15 ಶೇಕಡಾ ಬೇರೆ ತೆಗೆದಿಡಿ. 22 ವರ್ಷದ ಗೋಡೆ ಒಡೆದಾಗ ಒಳಗೆ ಏನು ಸಿಗುತ್ತದೆ ಅಂತ ಯಾರೂ ಹೇಳಲಾರರು. ಅವರ ಸಂಪಾದನೆ ಹೇಗೆ ಅಂತಲೂ ಕೇಳಿ. ಫೀಸೋ, ಒಟ್ಟು ಖರ್ಚಿನ ಮೇಲೆ ಶೇಕಡಾವಾರೋ, ಸಾಮಾನಿನ ಮೇಲಿನ ಲಾಭವೋ? ಕೇಳಲು ಸಂಕೋಚ ಬೇಡ. ಗೊತ್ತಿದ್ದರೆ ಇಬ್ಬರಿಗೂ ಮಾತು ಸುಲಭ.

ನಿಮ್ಮ ಕಡೆಯಿಂದಲೂ ಒಂದು ಮಾತು ಕೊಡಬೇಕು. ಮನೆಯಿಂದ ಒಬ್ಬರೇ ಮಾತಾಡಿ. ಬೆಳಿಗ್ಗೆ ಯಜಮಾನರು ಬಡಗಿಗೆ ಒಂದು ಹೇಳಿ, ಸಂಜೆ ನೀವು ಇನ್ನೊಂದು ಹೇಳಿದರೆ, ತಪ್ಪು ಯಾರದ್ದು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬದಲಾವಣೆ ಇದ್ದರೆ ಬರೆದು ಕಳಿಸಿ, ಅದಕ್ಕೆ ಎಷ್ಟು ಹಣ, ಎಷ್ಟು ದಿನ ಅಂತ ಉತ್ತರ ಬರೆಸಿಕೊಂಡೇ ಮುಂದುವರಿಯಿರಿ. ಟೈಲ್ಸ್ ಆರಿಸಿ ಅಂದಾಗ ಮೂರು ವಾರ ಸುಮ್ಮನಿದ್ದು, ಕೆಲಸ ತಡ ಆಯಿತು ಅಂತ ಅವರನ್ನು ಬೈಯುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಶುಕ್ರವಾರ ಸಹಿ ಹಾಕಬೇಡಿ. ಎರಡು ವಾರ ಸಮಯ ಕೇಳಿ. ರಿಯಾಯಿತಿ ಹೋದರೆ ಹೋಗಲಿ. ಸಮಯ ಕೊಡಲು ಒಪ್ಪದವರು ಮುಂದೆ ಗೋಡೆ ಒಡೆದು ಕೂತಾಗ ನಿಮ್ಮ ಮಾತು ಕೇಳುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಒಪ್ಪಿದರೆ ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಆಗುವುದಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹೊಲಿಯಲು ಯಾವ ಹೊತ್ತಿನಲ್ಲಿ ಕೂರುತ್ತಾರೆ, ಬೆಳಕು ಯಾವ ಕಡೆಯಿಂದ ಬೇಕು ಅಂತ ಅವರೇ ಹೇಳಲಿ. ವಯಸ್ಸಾದ ಕಣ್ಣಿಗೆ ನಮಗಿಂತ ಬಹಳ ಜಾಸ್ತಿ ಬೆಳಕು ಬೇಕು. ಚಾವಣಿಯ ಅಂಚಿನಲ್ಲಿ ಬಚ್ಚಿಟ್ಟ ದೀಪದಲ್ಲಿ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಕುರ್ಚಿಯ ಹಿಂದೆ, ಭುಜದ ಮೇಲಿನಿಂದ ಬೀಳುವ ಒಂದು ದೀಪ, ಕೈಗೆಟುಕುವ ಸ್ವಿಚ್, ಪಕ್ಕದಲ್ಲಿ ಹೊಲಿಗೆ ಡಬ್ಬಿಗೆ ಒಂದು ಸಣ್ಣ ಡ್ರಾಯರ್ ಕೇಳಿ. ಮುಂದಿನ ನಕ್ಷೆ ಬಂದಾಗ ಆ ಕಿಟಕಿ ಹತ್ತಿರ ಏನು ಬರೆದಿದ್ದಾರೆ ಅಂತ ನೋಡಿ, ನನಗೂ ಒಂದು ಸಾಲು ಬರೆಯಿರಿ.

– ಸಂಪಾದಕ