ಒಂದೇ ಚರ್ಚ್ ಹಾಡು ಗಾಸ್ಪೆಲ್ ಶೈಲಿಯಲ್ಲಿ (ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿ ಬೆಳೆದ ಶೈಲಿ) ನುಡಿಸಿದಾಗ ಬೇರೆಯದೇ ಹಾಡಿನ ಹಾಗೆ ಯಾಕೆ ಕೇಳಿಸುತ್ತದೆ?

ರಾಗದ ಎಳೆ ಬದಲಾಗಿರುವುದಿಲ್ಲ. ಬದಲಾಗುವುದು ಅದರ ಕೆಳಗಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳು) ಮತ್ತು ತಾಳದ ನಡೆ.

'ಅಮೇಜಿಂಗ್ ಗ್ರೇಸ್' ಎಂಬ ಚರ್ಚ್ ಹಾಡನ್ನು ನೋಡಿ. ಅದರ ಧಾಟಿಯಲ್ಲಿ ಐದೇ ಸ್ವರಗಳಿವೆ, ನಮ್ಮ ಮೋಹನ ರಾಗದ್ದೇ ಸ್ವರಗಳು. ಸ್ವರ ಕಡಿಮೆ ಇರುವುದರಿಂದ ಅದರ ಕೆಳಗೆ ಬೇರೆ ಬೇರೆ ಕಾರ್ಡ್‌ಗಳು ಸುಲಭವಾಗಿ ಹೊಂದುತ್ತವೆ. ಜಿ ಮೇಜರ್‌ನಲ್ಲಿ (ಅಂದರೆ ಜಿ ಸ್ವರವನ್ನೇ ಷಡ್ಜ ಮಾಡಿಕೊಂಡು) ನುಡಿಸುವಾಗ ಜಿ-ಬಿ-ಡಿ ಕಾರ್ಡ್‌ಗೆ ಒಂದು ಎಫ್ ಸೇರಿಸಿ. ತಕ್ಷಣ ಅದು ಮುಂದಿನ ಸಿ ಕಾರ್ಡ್ ಕಡೆಗೆ ಎಳೆಯುತ್ತದೆ. ಆ ಎಫ್ ಧಾಟಿಯಲ್ಲಿ ಎಲ್ಲೂ ಇಲ್ಲ, ಅದಕ್ಕೇ ಅಷ್ಟು ಹೊಸದಾಗಿ ಕೇಳಿಸುತ್ತದೆ. ಇಂಥ ಎಳೆತ ಗಾಸ್ಪೆಲ್‌ನಲ್ಲಿ ಜಾಸ್ತಿ. ಜೊತೆಗೆ ವೇಗ ತಗ್ಗಿಸಿ, ಒಂದೊಂದು ಬೀಟನ್ನೂ ಮೂರು ಭಾಗ ಮಾಡುತ್ತಾರೆ. ಕೀಬೋರ್ಡ್ ಮೇಲೆ ಎಡಗೈ ಒಂದು ಬೇಸ್ (ತಗ್ಗಿನ) ಸ್ವರದಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿದಂತೆ ನಡೆಯುತ್ತದೆ.

ಆದರೆ ಸಭೆ ಪುಸ್ತಕ ನೋಡಿ ನಾಲ್ಕು ಧ್ವನಿಗಳಲ್ಲಿ ಹಾಡುತ್ತಿದ್ದರೆ ಪುಸ್ತಕದ ಕಾರ್ಡ್‌ಗಳನ್ನೇ ನುಡಿಸಿ. ಇಲ್ಲದಿದ್ದರೆ ಆಲ್ಟೊ, ಟೆನರ್ (ನಡುವಿನ ಎರಡು ಧ್ವನಿಗಳು) ಹಾಡುವವರ ಸ್ವರ ನಿಮ್ಮ ಕಾರ್ಡ್‌ಗೆ ಡಿಕ್ಕಿ ಹೊಡೆಯುತ್ತದೆ, ಪಾಪ ಅವರು ಹಾಡೋದನ್ನೇ ನಿಲ್ಲಿಸಿಬಿಡುತ್ತಾರೆ. ಹೊಸ ಕಾರ್ಡ್‌ಗಳನ್ನು ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡುವ ಕೊನೆಯ ಚರಣಕ್ಕೆ ಇಟ್ಟುಕೊಳ್ಳಿ. ಅದನ್ನು ಮೊದಲೇ ಎಲ್ಲರಿಗೂ ಹೇಳಿರಿ.