ಗೋಡೋ ಬಳ್ಳಾರಿ ಟಾಕೀಸಿಗೆ ಬಂದರೆ

ಐರಿಷ್ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕವನ್ನು ಕನ್ನಡದಲ್ಲಿ ಪಕ್ಕಾ ಕಮರ್ಷಿಯಲ್ ಸಿನಿಮಾ ಮಾಡಿದರೆ ಹೇಗಿರುತ್ತೆ, ಓಡುತ್ತಾ ಅಂತ ಕೇಳಿದ್ದೀರಿ. ನಾನು ಸಿನಿಮಾದವನಲ್ಲ. ಸಿರುಗುಪ್ಪದ ಕಡೆಯವನು, ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಆದರೆ ಹವ್ಯಾಸಿ ತಂಡದಲ್ಲಿ ಒಮ್ಮೆ ಇದೇ ನಾಟಕದ ಎಸ್ಟ್ರಾಗನ್ ಆಗಿದ್ದೆ, ಅದೂ ಹಳ್ಳಿ ಶಾಲೆಯ ಮೈದಾನದಲ್ಲಿ. ಆ ಧೈರ್ಯದ ಮೇಲೆ ಹೇಳ್ತೇನೆ: ಓಡಬಹುದು. ಗೋಡೋನನ್ನು ತೋರಿಸದೆ ಇದ್ದರೆ.

ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ರಸ್ತೆ, ಒಂದು ಮರ, ಸಂಜೆ ಹೊತ್ತು. ಎಸ್ಟ್ರಾಗನ್, ವ್ಲಾಡಿಮಿರ್ ಅಂತ ಗತಿಯಿಲ್ಲದ ಇಬ್ಬರು ಗೋಡೋ ಅನ್ನುವವನಿಗೆ ಕಾಯ್ತಾರೆ. ಕೊನೆಗೆ ಒಬ್ಬ ಹುಡುಗ ಬಂದು, ಇವತ್ತು ಬರಲ್ಲ, ನಾಳೆ ಖಂಡಿತ ಬರ್ತಾರಂತೆ ಅಂತಾನೆ. ಎರಡನೇ ಅಂಕದಲ್ಲೂ ಅದೇ. ಮೊದಲ ಪ್ರದರ್ಶನ 1953ರ ಜನವರಿಯಲ್ಲಿ, ಪ್ಯಾರಿಸ್‌ನಲ್ಲಿ. (ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಬಳ್ಳಾರಿ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿತು. ಸಂಬಂಧ ಏನೂ ಇಲ್ಲ, ಸುಮ್ನೆ ನೆನಪಾಯ್ತು.) ಇದರಲ್ಲಿ ಏನೂ ನಡೆಯೋದಿಲ್ಲ, ಅದೂ ಎರಡೆರಡು ಸಲ ಅಂತ ವಿವಿಯನ್ ಮರ್ಸಿಯರ್ ಅನ್ನೋ ಐರಿಷ್ ವಿಮರ್ಶಕ ಬರೆದಿದ್ದ.

ಈ 'ಎರಡು ಸಲ'ವೇ ನಮಗೆ ಲಾಭ. ಹಾಲಿವುಡ್‌ನಲ್ಲಿ ಇಂಟರ್‌ವಲ್ ಇಲ್ಲ, ನಮ್ಮಲ್ಲಿದೆ. ಜನ ಹೊರಗೆ ಹೋಗಿ ಮಿರ್ಚಿ ತಿಂದು ಚಾ ಕುಡಿದು ಬರ್ತಾರೆ. ಬಂದು ಕೂತರೆ ಅದೇ ರಸ್ತೆ, ಅದೇ ಮರ, ಅದೇ ಇಬ್ಬರು. ಬೋಳಾಗಿದ್ದ ಮರಕ್ಕೆ ನಾಲ್ಕೈದು ಎಲೆ ಬಂದಿರುತ್ತದೆ, ಅಷ್ಟೇ. "ಏಯ್, ಹಳೇದನ್ನೇ ತಿರುಗಿ ಹಾಕಿದ್ರಲ್ರೋ" ಅಂತ ಗಾಂಧಿ ಕ್ಲಾಸಿನಿಂದ ಒಬ್ಬ ಕೂಗೇ ಕೂಗ್ತಾನೆ. ಆ ಕೂಗು ಬಂತೆಂದರೆ ಸಿನಿಮಾ ಗೆದ್ದ ಹಾಗೆ. 2001ರ ಸುಮಾರಿಗೆ ಬೆಕೆಟ್‌ನ 19 ನಾಟಕಗಳನ್ನು ಚಿತ್ರ ಮಾಡಿದ ಸರಣಿಯಲ್ಲಿ ಇದೂ ಇದೆ, ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್. ಚೆನ್ನಾಗಿಯೇ ಇದೆ. ಆದರೆ ಮನೆಯಲ್ಲಿ ಒಬ್ಬನೇ ಕೂತು ನೋಡಿದೆ, ಕೂಗೋಕೆ ಯಾರೂ ಇರಲಿಲ್ಲ.

ಹೀರೋಗಳನ್ನು ಹಾಕಬಾರದು, ಹಾಸ್ಯ ನಟರನ್ನೇ ಹಾಕಬೇಕು. ಯಾಕಂದರೆ ಈ ನಾಟಕ ನಮಗೆ ಹೊಸದೇ ಅಲ್ಲ. ಜಾತ್ರೆಗೆ ಬರುವ ಕಂಪನಿ ನಾಟಕ ನೋಡಿದ್ದೀರಲ್ವಾ? ಮುಂದೆ ರಸ್ತೆ ಪರದೆ ಬಿಟ್ಟು ಇಬ್ಬರು ಹಾಸ್ಯದವರು ಬರ್ತಾರೆ. ಬೈದಾಡ್ತಾರೆ, ಬೀಳ್ತಾರೆ, ಟೋಪಿ ಕಿತ್ತಾಡ್ತಾರೆ. ಪರದೆ ಹಿಂದೆ ದರ್ಬಾರ್ ಸೀನಿಗೆ ಸಿಂಹಾಸನ ಎಳೆಯುವ ಸದ್ದು ಕೇಳ್ತಾ ಇರುತ್ತದೆ. ಒಳಗಿನವರು ರೆಡಿ ಆಗೋ ತನಕ ಇವರು ಹೊತ್ತು ತಳ್ಳಬೇಕು. ಬೆಕೆಟ್‌ನದು ಹಿಂದಿನ ದರ್ಬಾರ್ ತೆರೆಯದೇ ಹೋದ ರಸ್ತೆ ಸೀನು. ನನ್ನ ಮಟ್ಟಿಗೆ ಅಷ್ಟೇ ಅದರ ಗುಟ್ಟು.

ನಮ್ಮ ಪ್ರದರ್ಶನದಲ್ಲಿ ಹೆಸರು ಬದಲಾಯಿಸಿದ್ದೆವು. ಮೂಲದಲ್ಲಿ ವ್ಲಾಡಿಮಿರ್‌ನನ್ನು ಪ್ರೀತಿಯಿಂದ ಡೀಡಿ ಅಂತಾರೆ. ಹಿಂದಿ ಸೀರಿಯಲ್ ನೋಡುವವರಿಗೆ ಅದು ಅಕ್ಕ ಆಗಿಬಿಡುತ್ತದೆ. ಹಾಗಾಗಿ ಅವನು ಈರಣ್ಣ, ನಾನು ಗಾದಿಲಿಂಗ. ನಾಟಕ ಶುರುವಾಗುವುದೇ ನಾನು ಬೂಟು ಕಳಚಲು ಒದ್ದಾಡುವುದರಿಂದ. ಕೇಳಿ ತಂದ ಬೂಟು, ಒಂದು ಸೈಜು ಚಿಕ್ಕದು. ಬೇಸಿಗೆ ಸೆಕೆಗೆ ಕಾಲು ಊದಿ ನಿಜವಾಗಿಯೂ ಬರಲೇ ಇಲ್ಲ. ನಾಲ್ಕು ನಿಮಿಷ ಎಳೆದಾಡಿದೆ. ಬೆವರು ಕಣ್ಣಿಗಿಳಿಯಿತು. ಮುಂದೆ ಕೂತಿದ್ದ ಒಬ್ಬ ತಾತ ಬೀಡಿ ತೆಗೆದು, "ಎಣ್ಣಿ ಹಚ್ಚಲೇ ತಮ್ಮಾ" ಅಂದ. ಮೈದಾನವೆಲ್ಲ ನಕ್ಕಿತು. "ಏನೂ ಮಾಡಾಕ ಬರಲ್ಲ" ಅಂತ ನಾನು ನಾಟಕದ ಮೊದಲ ಮಾತು ಹೇಳಿದೆ. ಅದು ನಾಟಕದ ಮಾತು ಅಂತ ಯಾರಿಗೂ ಅನ್ನಿಸಲಿಲ್ಲ. ಮುಗಿದ ಮೇಲೆ ಅದೇ ತಾತ ಬಂದು, "ಬಸ್ಸು ತಪ್ಪಿತೇನಪ್ಪ ಅವಂಗ?" ಅಂತ ಕೇಳಿದ. ಅರ್ಥ ಆಗಿಲ್ಲ ಅಂತೀರಾ? ನನಗೆ ಹಾಗನ್ನಿಸಲ್ಲ. 1957ರಲ್ಲಿ ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸುಮಾರು 1400 ಕೈದಿಗಳ ಮುಂದೆ ಈ ನಾಟಕ ಆಡಿದರು. ಪೇಟೆಯ ಪಂಡಿತರು ತಲೆ ಕೆರೆದುಕೊಂಡಿದ್ದು ಅವರಿಗೆ ಸಲೀಸಾಗಿ ಹತ್ತಿತು. ನಮ್ಮ ಬಳ್ಳಾರಿಯಲ್ಲೂ ದೊಡ್ಡ ಜೈಲಿದೆ. ಮೊದಲ ಶೋ ಅಲ್ಲೇ ಇಡಬಹುದು.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಿನಿಮಾ ಅಂದಾಗ ನನಗೆ ಮೊದಲು ಹೊಳೆದದ್ದು ತುಂಗಭದ್ರಾ ಎಡದಂಡೆ ಕಾಲುವೆ. ಸಿರವಾರ, ಮಾನ್ವಿ ಕಡೆ ಕಾಲುವೆಯ ಕೊನೆ ಭಾಗದ ರೈತರು ನೀರಿಗೆ ಕಾಯೋದು ಎಲ್ಲರಿಗೂ ಗೊತ್ತು. ಇಬ್ಬರು ರೈತರು, ಒಣಗಿದ ಉಪಕಾಲುವೆ. ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ನ ಮಗ ಸೈಕಲ್ ಮೇಲೆ ಬಂದು, "ಇವತ್ತು ನೀರಿನ ಗೇಜ್ ಇಲ್ಲಂತ್ರೀ, ನಾಳೆ ಪಕ್ಕಾ ಬರ್ತದಂತ" ಅಂತಾನೆ. ಎಷ್ಟು ಚೆನ್ನಾಗಿದೆ ಅಂತ ಬೀಗಿಕೊಂಡು ಗೆಳೆಯನಿಗೆ ಹೇಳಿದೆ. ಅವನು ಎರಡೇ ಮಾತಲ್ಲಿ ಮುಗಿಸಿದ: "ನೀರಂತ ಹೆಸರಿಟ್ಟಿ ಅಂದ್ರ ಕ್ಲೈಮ್ಯಾಕ್ಸಿಗೆ ಹೀರೋ ಬಂದು ಗೇಟ್ ಎತ್ತತಾನ ನೋಡು." ನಿಜ. ಆಮೇಲೆ ಅದು ರೈತರ ಸಿನಿಮಾ ಆಗುತ್ತದೆ. ಒಳ್ಳೆಯದೇ, ಆದರೆ ಇದಲ್ಲ. ಗೋಡೋ ಯಾರು ಅಂತ ಕೇಳಿದವರಿಗೆ ಬೆಕೆಟ್, ಗೊತ್ತಿದ್ದರೆ ನಾಟಕದಲ್ಲೇ ಹೇಳ್ತಿದ್ದೆ ಅಂದಿದ್ದನಂತೆ.

ಕಮರ್ಷಿಯಲ್‌ಗೆ ಬೇಕಾದ ಮಸಾಲೆ ಒಳಗೇ ಇದೆ. ನಡುವೆ ಆ ರಸ್ತೆಯಲ್ಲಿ ಬಂದು ಹೋಗುವ ಪೋಜೋ ಥೇಟ್ ವಿಲನ್ನೇ: ಕೈಯಲ್ಲಿ ಚಾಟಿ, ಆಳಿನ ಕುತ್ತಿಗೆಗೆ ಹಗ್ಗ. ಆಳು ಲಕ್ಕಿ ಕುಣೀತಾನೆ, ಅಲ್ಲೊಂದು ಹಾಡು ಇಡಿ. ಟೋಪಿ ಇಟ್ಟರೆ ಅವನು ಉದ್ದದ ಮಾತು ಶುರು ಮಾಡ್ತಾನೆ, ಟೋಪಿ ಕಿತ್ತುಕೊಂಡರೇನೇ ಬಾಯಿ ಮುಚ್ಚೋದು. ಒಂದೇ ಉಸಿರಲ್ಲಿ ಹೇಳುವ ನಟ ಸಿಕ್ಕರೆ ಸೀಟಿ ಗ್ಯಾರಂಟಿ. ಮರದ ವಿಷಯದಲ್ಲಿ ಮಾತ್ರ ಹುಷಾರು. ಬಯಲಲ್ಲಿ ಒಂಟಿ ಮರ ಅಂದ ಕೂಡಲೇ ಎಲ್ಲರೂ ಬಳ್ಳಾರಿ ಜಾಲಿ ಅಂತಾರೆ. ಅದು ಬರಗಾಲದಲ್ಲೂ ಹಸಿರಾಗೇ ಇರುತ್ತದೆ, ಬೋಳಾಗೋದು ಯಾವಾಗ? ಬೇವು ಸರಿ. ಯುಗಾದಿಗೆ ಮುಂಚೆ ಎಲೆ ಉದುರಿಸಿ, ಆಮೇಲೆ ಕೆಂಪಗೆ ಚಿಗುರುತ್ತದೆ.

ತೊಂದರೆ ಇರೋದು ನಿರ್ಮಾಪಕರಲ್ಲಿ. ಗೋಡೋ ಪಾತ್ರಕ್ಕೆ ದೊಡ್ಡ ಸ್ಟಾರ್ ಗೆಸ್ಟ್ ಎಂಟ್ರಿ ಕೊಡಲಿ, ಕೊನೇ ಐದು ನಿಮಿಷ, ಸ್ಲೋ ಮೋಷನ್, ಧೂಳು ಅಂತಾರೆ. ತೆಲುಗಿಗೂ ಡಬ್ ಮಾಡೋಣ ಅಂತಾರೆ. ಕಟೌಟ್ ನಿಂತು, ಹಾಲು ಸುರಿದಾದ ಮೇಲೆ ಅವನು ಬರಲೇಬೇಕು, ಇಲ್ಲದಿದ್ದರೆ ಕುರ್ಚಿ ಹರಿಯುತ್ತದೆ. ಅದಕ್ಕೇ ಪೋಸ್ಟರ್‌ನಲ್ಲೂ ಅವನ ಮುಖ ಇರಕೂಡದು. ಅಂದಹಾಗೆ ಹಕ್ಕು ಕೇಳದೆ ಮಾಡೋ ಹಾಗಿಲ್ಲ. ಬೆಕೆಟ್ ತೀರಿಕೊಂಡದ್ದು 1989ರಲ್ಲಿ. ನಮ್ಮ ಕಾನೂನಿನ 60 ವರ್ಷದ ಲೆಕ್ಕ ಹಿಡಿದರೆ ಬಿಟ್ಟಿಯಾಗಿ ಸಿಗೋದು 2049 ಮುಗಿದ ಮೇಲೆ. ನಿರ್ಮಾಪಕರೂ ಕಾಯಲಿ.

ಕೊನೇ ಸೀನು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಟಾಕೀಸುಗಳಲ್ಲಿ ಸಿನಿಮಾ ಮುಗಿಯೋ ಎರಡು ನಿಮಿಷ ಮೊದಲೇ ಗೇಟ್ ಕೀಪರ್ ಪಕ್ಕದ ಬಾಗಿಲು ತೆಗೀತಾನೆ, ಪರದೆ ಮೇಲೆ ಬಿಸಿಲು ಬೀಳುತ್ತದೆ. "ಹೋಗಾಮೇನು?" ಅಂತಾನೆ ಈರಣ್ಣ. "ಹೂಂ, ನಡಿ ಹೋಗಾಮು" ಅಂತಾನೆ ಗಾದಿಲಿಂಗ. ಅದು ಕೇಳಿದ್ದೇ ಗೇಟ್ ಕೀಪರ್ ಬಾಗಿಲು ತೆಗೆದ. ಜನ ಎದ್ದು ಚಪ್ಪಲಿ ಹುಡುಕ್ತಾ ಇದ್ದಾರೆ. ಅರ್ಧ ಮಾಸಿದ ಪರದೆ ಮೇಲೆ ಅವರಿಬ್ಬರೂ ಹಾಗೇ ನಿಂತಿದ್ದಾರೆ. ಲೈಟ್ ಹಾಕಬೇಕೋ ಬೇಡವೋ ಅಂತ ಗೇಟ್ ಕೀಪರ್‌ಗೆ ಗೊತ್ತಾಗ್ತಿಲ್ಲ.