ಹೇಳಿಕೊಂಡು ಬಂದ ಮಗನಿಗೆ ಏಟು ಬೀಳಬಾರದಿತ್ತು

(ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡ ತಾಯಿಯೊಬ್ಬರ ಪತ್ರದ ಸಾರ: ಮಗ ಒಂಬತ್ತನೇ ತರಗತಿ. ಮೊಬೈಲ್ ಗೇಮ್ ಒಂದರ ಚಾಟ್‌ನಲ್ಲಿ ‘ಹುಡುಗಿ’ಯೊಬ್ಬಳ ಪರಿಚಯವಾಯಿತು. ಮಾತು ಇನ್‌ಸ್ಟಾಗ್ರಾಮ್‌ಗೆ ಹೋಯಿತು. ಅವಳು ಕಳಿಸಿದ ಚಿತ್ರ ನೋಡಿ ಇವನೂ ಬಟ್ಟೆಯಿಲ್ಲದ ಫೋಟೊ ಕಳಿಸಿದ. ಮರುಕ್ಷಣವೇ ಬೆದರಿಕೆ: ಐದು ಸಾವಿರ ಹಾಕು, ಇಲ್ಲವಾದರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ. ಅಪ್ಪನ ಫೋನಿನಿಂದ ಎರಡು ಸಲ ಹಣ ಹಾಕಿದ. ಮತ್ತೆ ಕೇಳಿದಾಗ ಅಮ್ಮನ ಬಳಿ ಬಂದು ಅತ್ತ. ಅಪ್ಪ ಹೊಡೆದರು, ಫೋನ್ ಕಿತ್ತುಕೊಂಡು ಖಾತೆ ಅಳಿಸಿದರು. ‘ಪಿಯುಸಿ ಮುಗಿಯುವವರೆಗೂ ಫೋನ್ ಇಲ್ಲ ಅಂದಿದ್ದಾರೆ. ಇದು ಸರಿಯೇ? ಪೊಲೀಸರ ಹತ್ತಿರ ಹೋದರೆ ಮರ್ಯಾದೆಯ ಗತಿ ಏನು? ನಾಲ್ಕನೇ ಕ್ಲಾಸಿನ ಮಗಳನ್ನು ಹೇಗೆ ಕಾಯಲಿ?’)

ಅಮ್ಮಾ,

ನಿಮ್ಮ ಪತ್ರ ಕೈಸೇರಿದ ದಿನವೇ ನಾವು ಫೋನಿನಲ್ಲಿ ಮಾತಾಡಿದ್ದೇವೆ. ಮಕ್ಕಳ ಮೇಲಿನ ಇಂಥ ಅಪರಾಧ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಪ್ರಕಾರ ಎಲ್ಲರ ಕರ್ತವ್ಯ. ಮಾಧ್ಯಮದವರಿಗೂ ಈ ಕರ್ತವ್ಯವಿದೆ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಅದಕ್ಕೇ ನೀವು ದೂರು ಕೊಡುವವರೆಗೂ ಕಾದು, ನಿಮ್ಮ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ತೆಗೆದು ಈ ಉತ್ತರ ಅಚ್ಚಿಗೆ ಕೊಡುತ್ತಿದ್ದೇನೆ. ಇದೇ ಸಂಕಟದಲ್ಲಿರುವ ಬೇರೆ ಮನೆಗಳೂ ಇವೆ. ಅವರು ನಮಗೆ ಬರೆದಿಲ್ಲ, ಅಷ್ಟೇ.

ನಿಮ್ಮ ಮಗ ಎಡವಿದ್ದು ನಿಜ. ಆದರೆ ಎಡವಿದ ಮೇಲೆ ಅವನು ಮಾಡಿದ್ದು ಸರಿಯಾದ ಕೆಲಸ: ನಿಮ್ಮ ಬಳಿ ಬಂದು ಹೇಳಿದ. ಅದಕ್ಕೆ ಸಿಕ್ಕಿದ್ದು ಏಟು. ಮುಂದಿನ ಸಲ ಏನಾದರೂ ಆದರೆ ಅವನು ಯಾರಿಗೆ ಹೇಳುತ್ತಾನೆ?

ಈ ದಂಧೆ ನಡೆಸುವವರ ಬಂಡವಾಳ ಆ ಫೋಟೊ ಅಲ್ಲ. ‘ಮನೆಯಲ್ಲಿ ಗೊತ್ತಾದರೆ ಕೊಂದೇಬಿಡುತ್ತಾರೆ’ ಎಂಬ ಹುಡುಗನ ಭಯ. ಆಚೆ ಇರುವುದು ಹೆಚ್ಚಾಗಿ ಹುಡುಗಿಯೇ ಅಲ್ಲ, ಹುಡುಗಿಯ ಚಿತ್ರ ಇಟ್ಟುಕೊಂಡು ಏಕಕಾಲಕ್ಕೆ ಹಲವು ಮಕ್ಕಳಿಗೆ ಗಾಳ ಹಾಕುತ್ತಿರುವ ಗುಂಪು. ಮೊದಲು ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ, ಆಮೇಲೆ ಫೋಟೊ ಕೇಳುತ್ತಾರೆ, ಆಮೇಲೆ ನಿಮಿಷ ಎಣಿಸಿ ಹೆದರಿಸುತ್ತಾರೆ. ಯೋಚಿಸಲು ಬಿಡುವೇ ಕೊಡುವುದಿಲ್ಲ. ಹಣ ಕೊಟ್ಟರೆ ನಿಲ್ಲುವುದಿಲ್ಲ, ಕೊಡುವ ಆಸಾಮಿ ಎಂದು ಗೊತ್ತಾಗಿ ಇನ್ನಷ್ಟು ಕೇಳುತ್ತಾರೆ. ನಿಮ್ಮ ಮನೆಯಲ್ಲೇ ಅದು ಆಯಿತು. ಈ ಬಗೆಯ ಸುಲಿಗೆಗೆ 14ರಿಂದ 17 ವರ್ಷದ ಗಂಡುಮಕ್ಕಳೇ ಹೆಚ್ಚು ಸಿಗುತ್ತಿದ್ದಾರೆ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮತ್ತೆ ಮತ್ತೆ ಎಚ್ಚರಿಸಿದೆ. ಹೆಣ್ಣುಮಕ್ಕಳಿಗೆ ಎಚ್ಚರ ಹೇಳುವ ನಾವು ಹುಡುಗರಿಗೆ ಏನೂ ಆಗದು ಎಂದುಕೊಂಡೇ ಫೋನ್ ಕೊಡುತ್ತೇವೆ.

ಹೀಗೆ ಸಿಕ್ಕಿಕೊಂಡ ಕೆಲವು ಮಕ್ಕಳು ಜೀವವನ್ನೇ ಕಳೆದುಕೊಂಡಿದ್ದಾರೆ. ಮಗ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿ ಎದ್ದು ಕೂತಿರುತ್ತಾನೆ ಎಂದಿರಿ. ದಯವಿಟ್ಟು ಅವನನ್ನು ಒಬ್ಬನೇ ಬಿಡಬೇಡಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ಅದಕ್ಕೆ ಮಗುವೇ ನೇರವಾಗಿ ಕರೆ ಮಾಡಬಹುದು. ಎರಡೂ ನಂಬರು ಅವನಿಗೆ ಗೊತ್ತಿರಲಿ.

ಮರ್ಯಾದೆಯ ಮಾತಿಗೆ ಬರುತ್ತೇನೆ. ಪೋಕ್ಸೊ ಹೆಣ್ಣುಮಕ್ಕಳಿಗೆ ಮಾತ್ರ ಇರುವ ಕಾಯ್ದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 18 ತುಂಬದ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಮಗುವಿನ ದೇಹದ ಚಿತ್ರವನ್ನು ಹರಡುತ್ತೇನೆಂದು ಬೆದರಿಸುವುದೇ ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ, ಆ ಚಿತ್ರ ನಿಜವಿರಲಿ, ಸೃಷ್ಟಿಸಿದ್ದಿರಲಿ. 2012ರಲ್ಲೇ ಬರೆದ ಮಾತು ಇಂದಿನ ಡೀಪ್‌ಫೇಕ್‌ಗೂ ಸಲ್ಲುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಮಗುವಿನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಮಾಧ್ಯಮಗಳು ಬಯಲು ಮಾಡುವಂತಿಲ್ಲ. ಯಾವ ಠಾಣೆಯಲ್ಲಾದರೂ ಇದಕ್ಕೆ ಉಲ್ಟಾ ನಡೆದರೆ, ಕಾಯ್ದೆ ಹೀಗೆ ಹೇಳುತ್ತದೆ ಎಂದು ಧೈರ್ಯವಾಗಿ ಕೇಳಿ.

ನೀವು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋದಿರಿ, ಒಳ್ಳೆಯದಾಯಿತು. ಬೇರೆ ಓದುಗರಿಗಾಗಿ ಹೇಳುತ್ತೇನೆ: ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಪಿಐ ವ್ಯವಹಾರದ ಸಂಖ್ಯೆ ಕೊಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಆ ವ್ಯಕ್ತಿಯ ಯೂಸರ್‌ನೇಮ್, ಪ್ರೊಫೈಲ್ ಕೊಂಡಿ, ಬೆದರಿಕೆಯ ಮಾತುಗಳು, ಹಣ ಹೋದ ಐಡಿ, ಇವೇ ಸಾಕ್ಷ್ಯ. ನಿಮ್ಮವರು ಖಾತೆ ಅಳಿಸಿದ್ದರೂ ಪೂರ್ತಿ ಕೈಮೀರಿಲ್ಲ. ಇನ್‌ಸ್ಟಾಗ್ರಾಮ್ ಖಾತೆಯನ್ನು 30 ದಿನದೊಳಗೆ ಮತ್ತೆ ಲಾಗಿನ್ ಆಗಿ ಉಳಿಸಿಕೊಳ್ಳಬಹುದು. ತನಿಖಾಧಿಕಾರಿಗೆ ಹೇಳಿ ಅವರ ಮುಂದೆಯೇ ಮಾಡಿ. ಮಗನ ಆ ಫೋಟೊವನ್ನು ‘ನೋಡಿ ಹೀಗಾಗಿದೆ’ ಎಂದು ಅಣ್ಣನಿಗೋ ಭಾವನಿಗೋ ವಾಟ್ಸ್‌ಆ್ಯಪ್ ಮಾಡಲೇಬೇಡಿ. ಮಕ್ಕಳ ಅಂಥ ಚಿತ್ರ ಕಳಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು ತರಬಲ್ಲ ಅಪರಾಧ.

ಫೋಟೊ ಹರಡಿಬಿಟ್ಟರೆ ಎಂಬ ಭಯಕ್ಕೂ ಒಂದು ದಾರಿ ಇದೆ. ನಾಪತ್ತೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಅಮೆರಿಕದಲ್ಲಿರುವ ರಾಷ್ಟ್ರೀಯ ಕೇಂದ್ರ 2023ರಿಂದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ನಡೆಸುತ್ತಿದೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರಿಂದ ಒಂದು ಸಂಕೇತ ಸಂಖ್ಯೆ ಮಾತ್ರ ಹೋಗುತ್ತದೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಜಾಲತಾಣಗಳು ಆ ಸಂಖ್ಯೆಗೆ ಹೊಂದುವ ಚಿತ್ರ ಕಂಡರೆ ತೆಗೆಯುತ್ತವೆ. ಹೆಸರು ಹೇಳಬೇಕಿಲ್ಲ. ವಾಟ್ಸ್‌ಆ್ಯಪ್‌ನ ಖಾಸಗಿ ಚಾಟ್‌ಗಳ ಒಳಗೆ ಮಾತ್ರ ಇದು ಕೆಲಸ ಮಾಡದು.

ಇನ್ನು ಫೋನ್. ಪಿಯುಸಿವರೆಗೆ ಕೊಡುವುದಿಲ್ಲ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಹೋಂವರ್ಕ್ ಬರುವುದೇ ವಾಟ್ಸ್‌ಆ್ಯಪ್ ಗ್ರೂಪಿಗೆ. ಅವನು ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ಅಲ್ಲಿ ನೀವು ಇರುವುದಿಲ್ಲ. ಸ್ವಲ್ಪ ದಿನ ಬಿಟ್ಟು, ದೂರಿನ ಕೆಲಸ ಒಂದು ಹದಕ್ಕೆ ಬಂದ ಮೇಲೆ, ಅವನನ್ನೇ ಕೂರಿಸಿಕೊಂಡು ಕಟ್ಟುಪಾಡು ಮಾಡಿ. ಇನ್‌ಸ್ಟಾಗ್ರಾಮ್‌ನ ‘ಟೀನ್ ಅಕೌಂಟ್’ 2025ರ ಫೆಬ್ರುವರಿಯಿಂದ ನಮ್ಮಲ್ಲೂ ಇದೆ: ಖಾತೆ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲಾಗದು, 16ರ ಒಳಗಿನವರು ಅದನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಆದರೆ ಇದೆಲ್ಲ ಬಹುಮಟ್ಟಿಗೆ ನಿಂತಿರುವುದು ಅವನು ಕೊಡುವ ಹುಟ್ಟಿದ ದಿನಾಂಕದ ಮೇಲೆ. ನಿಮ್ಮ ಮಗ 2003 ಎಂದು ಹಾಕಿದ್ದ. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಲ್ಲಿ 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ನಿಷೇಧಿಸಿತು, ವಯಸ್ಸು ಪರೀಕ್ಷಿಸುವ ಹೊಣೆಯನ್ನು ಕಂಪನಿಗಳ ತಲೆಗೇ ಹೊರಿಸಿತು. ಆ ಹೊಣೆ ಕಂಪನಿಗಳದ್ದೇ ಎಂಬುದು ನನ್ನ ನಿಲುವು. ಅದಾಗುವವರೆಗೆ ಮಕ್ಕಳು ಬೆಳೆಯುವುದು ನಿಲ್ಲುವುದಿಲ್ಲವಲ್ಲ.

ರಾತ್ರಿ ಫೋನ್ ನಡುಮನೆಯಲ್ಲಿ ಚಾರ್ಜ್ ಆಗಲಿ, ನಿಮ್ಮಿಬ್ಬರದೂ ಸೇರಿ. ಕದ್ದು ಅವನ ಚಾಟ್ ಓದಬೇಡಿ. ನೋಡಬೇಕೆನಿಸಿದರೆ ನೋಡುತ್ತೇನೆ ಎಂದು ಹೇಳಿಯೇ ನೋಡಿ. ಕದ್ದದ್ದು ಗೊತ್ತಾದ ದಿನ ಅವನು ನಿಮಗೆ ಗೊತ್ತಿಲ್ಲದ ಇನ್ನೊಂದು ಖಾತೆ ತೆರೆಯುತ್ತಾನೆ.

ಮಗಳಿಗೆ ಈಗ ಸ್ವಂತ ಖಾತೆ ಬೇಡ. ಇನ್‌ಸ್ಟಾಗ್ರಾಮ್‌ನ ನಿಯಮದಲ್ಲೇ 13 ವರ್ಷ ಎಂದಿದೆ. ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಹಾಕಿದರೆ ಅವಳು ಆ್ಯಪ್ ಇಳಿಸಿಕೊಳ್ಳುವ ಮುನ್ನ ನಿಮ್ಮನ್ನು ಕೇಳುತ್ತದೆ, ಮಲಗುವ ಹೊತ್ತಿಗೆ ಫೋನ್ ಬೀಗ ಹಾಕಿಕೊಳ್ಳುತ್ತದೆ. ಗೇಮ್‌ಗಳಲ್ಲಿ ಚಾಟ್, ಮೈಕ್ ಮುಚ್ಚಿಸಿ. ನಿಮ್ಮ ಮಗನ ಕಥೆ ಶುರುವಾದದ್ದು ಅಲ್ಲೇ. ಯೂನಿಫಾರ್ಮ್‌ನಲ್ಲಿ ಶಾಲೆಯ ಹೆಸರು ಕಾಣುವ ಅವಳ ಫೋಟೊ ನಿಮ್ಮ ಸ್ಟೇಟಸ್‌ನಲ್ಲಿ ಬೇಡ. ಜಾತ್ರೆಗೆ ಕರೆದೊಯ್ಯುವಾಗ ಮಕ್ಕಳಿಗೆ ‘ತಪ್ಪಿಸಿಕೊಂಡರೆ ತೇರಿನ ಹತ್ತಿರ ಬಂದು ನಿಲ್ಲು’ ಎಂದು ಹೇಳಿರುತ್ತೇವೆ. ಫೋನ್ ಕೊಡುವಾಗ ಆ ಮಾತನ್ನು ಯಾರೂ ಹೇಳಲಿಲ್ಲ. ಅವಳಿಗೆ ಈಗಲೇ ಹೇಳಿ: ಯಾರಾದರೂ ಫೋಟೊ ಕೇಳಿದರೆ, ‘ಅಮ್ಮನಿಗೆ ಹೇಳಬೇಡ’ ಅಂದರೆ, ನೀನೇ ಏನೋ ತಪ್ಪು ಮಾಡಿದ್ದರೂ ನನ್ನ ಹತ್ತಿರ ಬಾ, ಬೈಯುವುದಿಲ್ಲ. ಹಾಗೆ ಬಂದ ದಿನ ಬೈಯಬೇಡಿ.

ನಿಮ್ಮವರಿಗೆ ಈ ಪುಟ ಓದಲು ಕೊಡಿ. ಹೊಡೆದದ್ದು ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಿಂದ ಎಂದು ನಾನು ನಂಬುತ್ತೇನೆ. ಅದನ್ನೇ ಮಗನಿಗೆ ಬಾಯಿಬಿಟ್ಟು ಹೇಳಲಿ: ನಾನು ಹೆದರಿದೆ, ಹೊಡೆಯಬಾರದಿತ್ತು, ನೀನು ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಬಾಯಿಂದ ಬಂದರೆ ಸಾಲದು, ಅವರೇ ಹೇಳಬೇಕು. ಹಣ ತಡೆಹಿಡಿಯಲಾಯಿತೇ, ಮಗನಿಗೆ ನಿದ್ದೆ ಬರುತ್ತಿದೆಯೇ, ಎರಡನ್ನೂ ನನಗೆ ತಿಳಿಸಿ.

– ಸಂಪಾದಕ